ಮೈಗೆ ಹತ್ತಿದ ಬೈಗುಳ

ನಮ್ಮೂರಿನಲ್ಲಿ ಊಟಕ್ಕೆ ಕೂತಾಗ ಇಷ್ಟಪಟ್ಟು ಕಿವಿಗೆ ಹಾಕಿಕೊಂಡಿದ್ದೆಲ್ಲ ಮೈಗೆ ಹತ್ತುತ್ತದೆ. ಅದಕ್ಕೇ ಮದುವೆಮನೆಗಳಲ್ಲಿ ಎಲೆ ಹಾಕುವ ಹೊತ್ತಿಗೆ ವಾಲಗದವರನ್ನು ಹಿತ್ತಿಲಿಗೆ ಕಳಿಸಿಬಿಡುತ್ತಾರೆ. ಬಸುರಿಯರಿಗೆ ಮಾತ್ರ ಒಳಕೋಣೆಯಲ್ಲಿ ಬೇರೆ ಪಂಕ್ತಿ ಹಾಕಿ, ಚೆನ್ನಾಗಿ ಹಾಡುವ ಹೆಂಗಸೊಬ್ಬಳನ್ನು ಪಕ್ಕದಲ್ಲಿ ಕೂರಿಸುತ್ತಾರೆ. ಬಸ್ ನಿಲ್ದಾಣದ ಎದುರು ಎರಡು ಹೋಟೆಲುಗಳಿವೆ. ಒಂದರ ಬಾಗಿಲಲ್ಲಿ ‘ಇಲ್ಲಿ ಹಾಡು ಹಾಕುವುದಿಲ್ಲ’ ಎಂಬ ಬೋರ್ಡಿದೆ. ಇನ್ನೊಂದರಲ್ಲಿ ಜ್ವರದಿಂದ ಎದ್ದವರು, ಪರೀಕ್ಷೆಗೆ ಓದಿ ಸೊರಗಿದವರು ಕೂತು ಹಳೆಯ ಹಾಡು ಕೇಳುತ್ತ ಇಡ್ಲಿ ತಿನ್ನುತ್ತಾರೆ. ಟೀವಿ, ಸ್ಪೀಕರು ಮಾರುವ ಯೋಗೀಶನಂತೂ ಯಾವ ಸಾಮಾನನ್ನೂ ಮೊದಲ ದಿನವೇ ಮಾರುವುದಿಲ್ಲ. ‘ವಾರ ಮನೇಲಿಟ್ಟು ಉಂಡು ನೋಡಿ ಅಕ್ಕಾ. ಒಗ್ಗಿದ್ರೆ ಇಟ್ಕೊಳಿ, ಇಲ್ಲಾಂದ್ರೆ ತಂದು ಬಿಸಾಕಿ’ ಎನ್ನುತ್ತಾನೆ. ಅವನ ಅಂಗಡಿಗೆ ಆ ವರ್ಷ ನಾನು ಎಡತಾಕಿದಷ್ಟು ತವರುಮನೆಗೂ ಹೋಗಿಲ್ಲ.

ಕಾರಣ ನನ್ನ ಗಂಡ ಓಂಕಾರಪ್ಪ. ವಿದ್ಯುತ್ ಕಚೇರಿಯಲ್ಲಿ ಲೈನ್‌ಮನ್. ಕಂಬದ ತುದಿಯಲ್ಲಿ ಕೂತರೆ ನೆಲದ ಮೇಲಿರುವುದಕ್ಕಿಂತ ಹಾಯಾಗಿರುವ ಮನುಷ್ಯ. ಮೇಲಿಂದ ಊರು ಹೇಗೆ ಕಾಣುತ್ತದೆ, ಯಾರ ಮನೆಯ ಮಹಡಿಯಲ್ಲಿ ಸಂಡಿಗೆ ಒಣಗಿದೆ, ಯಾವ ಬೆಕ್ಕು ಯಾವ ಮನೆಗೆ ಸೇರಿದ್ದು ಎಲ್ಲ ಬಲ್ಲ. ಅವನಲ್ಲಿ ಒಂದೇ ದೋಷ. ಯಾವುದನ್ನೂ ಬೇಡ ಅನ್ನುವುದಿಲ್ಲ, ಯಾರನ್ನೂ ಕಂಡರಾಗದು ಅನ್ನುವುದಿಲ್ಲ, ಎಲ್ಲವೂ ಅವನಿಗೆ ಇಷ್ಟವೇ. ಬೇರೆ ಊರಿನಲ್ಲಾಗಿದ್ದರೆ ಇಂಥ ಗಂಡನನ್ನು ದೇವರು ಕೊಟ್ಟ ವರ ಅಂದುಕೊಳ್ಳಬಹುದಿತ್ತು. ನಮ್ಮೂರಿನಲ್ಲಿ ಇದು ಸೊಂಟದ ಬೆಲ್ಟಿನ ಪ್ರಶ್ನೆ.

ಕಂಬ ಹತ್ತುವಾಗ ಕಟ್ಟಿಕೊಳ್ಳುವ ಆ ಅಗಲದ ಬೆಲ್ಟು ಆ ವರ್ಷ ಸಂಕ್ರಾಂತಿಯ ಹೊತ್ತಿಗೆ ಕೊನೆಯ ತೂತಿಗೆ ಬಂದು ನಿಂತಿತ್ತು. ನಮ್ಮೂರ ಕಚೇರಿಯಲ್ಲಿ ಒಂದು ಪದ್ಧತಿಯಿದೆ. ಮಳೆಗಾಲ ಹಿಡಿಯುವ ಮುಂಚೆ ಎಲ್ಲ ಲೈನ್‌ಮನ್‌ಗಳನ್ನೂ ಕಚೇರಿಯ ಅಂಗಳದಲ್ಲಿ ದೊಡ್ಡ ತಕ್ಕಡಿಯಲ್ಲಿ ಕೂರಿಸಿ ತೂಗುತ್ತಾರೆ. ಎದುರು ತಟ್ಟೆಯಲ್ಲಿ ಕಲ್ಲುಗಳ ಬದಲು ಒಂದು ಸುರುಳಿ ತಂತಿ ಇಡುತ್ತಾರೆ. ಆ ಸುರುಳಿಗಿಂತ ಭಾರವಿರುವವನು ಕಂಬ ಹತ್ತುವಂತಿಲ್ಲ. ಅವನನ್ನು ಹೊಳೆಯಾಚೆಯ ಉಗ್ರಾಣಕ್ಕೆ ಹಾಕುತ್ತಾರೆ. ಅಲ್ಲಿಗೆ ಹೋದವರು ಹಬ್ಬಕ್ಕೊಮ್ಮೆ ಮನೆಗೆ ಬರುತ್ತಾರೆ. ನನ್ನ ಕೆಲಸ ಇಲ್ಲೇ, ಅದೇ ಕಚೇರಿಯ ದೂರು ವಿಭಾಗದಲ್ಲಿ. ಮಗಳು ಚಿನ್ಮಯಿಯ ಶಾಲೆ ಇಲ್ಲೇ. ಸುರುಳಿ ಮೇಲೆದ್ದಿತೆಂದರೆ ನಮ್ಮ ಮನೆ ಹೊಳೆಯ ಆಚೆಗೊಂದು ಈಚೆಗೊಂದು ಚೂರಾಗುತ್ತಿತ್ತು.

ಡಾಕ್ಟರಮ್ಮ ಇಂದುಮತಿ ಅವನ ಬೆಲ್ಟನ್ನು ಬಿಚ್ಚಿಸಿ ನೋಡಿ, ‘ಏನು ಊಟ?’ ಎಂದರು.

‘ಮುದ್ದೆ, ಸೊಪ್ಪಿನ ಸಾರು’ ಅಂದೆ.

‘ಅದನ್ನ ಕೇಳಿದ್ನಾ? ಮುದ್ದೆ ತಿಂದು ಯಾರಮ್ಮಾ ದಪ್ಪ ಆಗಿದಾರೆ? ಮುದ್ದೆ ಜೊತೆ ಏನು ಕೇಳ್ತಾರೆ ಅದು ಹೇಳು.’

ಓಂಕಾರಪ್ಪ ತಲೆ ತಗ್ಗಿಸಿ, ‘ಸಂಜೆ ಧಾರಾವಾಹಿ ನೋಡ್ತೀನಿ ಡಾಕ್ಟ್ರೇ’ ಎಂದ.

‘ಯಾವುದು?’

‘ಎಲ್ಲಾನೂ.’

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು ಪಥ್ಯ ಹೇಳಿದರು. ಬೆಳಿಗ್ಗೆ ನೀರೆತ್ತುವ ಮೋಟಾರಿನ ಪಕ್ಕ ತಿಂಡಿ. ಮಧ್ಯಾಹ್ನ ಗೆಳೆಯರ ಜೊತೆ ಬುತ್ತಿ ಬಿಚ್ಚಕೂಡದು, ಟ್ರಾನ್ಸ್‌ಫಾರ್ಮರ್ ಕೆಳಗೆ ಒಬ್ಬನೇ ಕೂತು ಉಣ್ಣಬೇಕು. ರಾತ್ರಿ ಟೀವಿಯಲ್ಲಿ ಮಾರುಕಟ್ಟೆ ಧಾರಣೆ ಬಿಟ್ಟು ಬೇರೇನೂ ಬೇಡ. ನಾನು ಎಲ್ಲಕ್ಕೂ ಹೂಂ ಅಂದೆ. ಮನೆಗೆ ಬಂದ ಮೇಲೆ ಅರ್ಥವಾಯಿತು, ಈ ಪಥ್ಯ ಬರೆದವರಿಗೆ ಮನೆಯಲ್ಲಿ ಆಳುಕಾಳು ಇರಬೇಕು ಅಂತ. ಬೆಳಿಗ್ಗೆ ನಮ್ಮ ಬೀದಿಗೆ ನೀರು ಬರುವ ಹೊತ್ತಿಗೂ ಅವನು ತಿಂಡಿ ತಿನ್ನುವ ಹೊತ್ತಿಗೂ ತಾಳೆಯಾಗುತ್ತಿರಲಿಲ್ಲ. ಕೊನೆಗೆ ಮೋಟಾರಿನ ಬದಲು ನಾನು ಚಟ್ನಿ ರುಬ್ಬುವ ಮಿಕ್ಸಿಯನ್ನೇ ಅವನ ತಟ್ಟೆಯ ಪಕ್ಕಕ್ಕೆ ತಂದೆ. ಚಟ್ನಿ ಮುಗಿದರೂ ಬರೀ ನೀರು ಹಾಕಿ ತಿರುಗಿಸುತ್ತಿದ್ದೆ. ಒಂದು ಕೈ ಮಿಕ್ಸಿಯ ಮೇಲೆ, ಇನ್ನೊಂದು ಕೈ ಮಗಳ ಜಡೆಯಲ್ಲಿ.

ರಾತ್ರಿಯದು ಬೇರೆಯೇ ಪೇಚು. ಚಿನ್ಮಯಿ ಬೆಳೆಯುವ ಮಗು, ಅವಳಿಗೆ ಕಥೆ ಬೇಕು, ಅದೂ ರುಚಿಯಾದ ಕಥೆ. ಅಪ್ಪ ಇಳಿಯಬೇಕು, ಮಗಳು ಏರಬೇಕು, ಇರುವುದು ಒಂದೇ ನಡುಮನೆ. ಯೋಗೀಶನಿಂದ ಅವಳಿಗೊಂದು ಕಿವಿಗೆ ಹಾಕುವ ಹೆಡ್‌ಫೋನು ತಂದೆ. ಅವಳು ಅದರಲ್ಲಿ ರಾಕ್ಷಸರ ಕಥೆ ಕೇಳುತ್ತ ಅನ್ನ ಕಲಸುವಳು. ಇವನು ಯೋಗೀಶನಲ್ಲೇ ತಂದ ದೊಡ್ಡ ಟೀವಿಯ ಮುಂದೆ, ಅದಕ್ಕೆಂದೇ ಇಟ್ಟ ಉದ್ದನೆಯ ಸ್ಪೀಕರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಧಾರಣೆ ಕೇಳುವನು.

ಮೊದಲೆರಡು ದಿನ ಮುಖ ಹುಳ್ಳಗಾಗಿತ್ತು. ನನಗೆ ಒಳಗೊಳಗೇ ಖುಷಿ. ಮೂರನೆಯ ದಿನ ಕೈಯಲ್ಲಿನ ತುತ್ತು ಬಾಯಿಗೆ ಹೋಗದೆ ನಿಂತಿತು. ‘ಮಂಗಳಾ, ಬಾ ಇಲ್ಲಿ! ಈರುಳ್ಳಿ ಬಿದ್ದೇ ಹೋಯ್ತಲ್ಲೇ! ನಿನ್ನೆ ಎಷ್ಟು ಮೆರೀತಾ ಇತ್ತು!’ ಎಂದ. ಆಮೇಲೆ ದಿನವೂ ಅದೇ. ಬೆಳ್ಳುಳ್ಳಿ ಏರಿದರೆ ಹಿಗ್ಗು, ಟೊಮೆಟೊ ಇಳಿದರೆ ಸಂಕಟ. ಧಾರಾವಾಹಿಗೂ ಅಷ್ಟು ಕಾದವನಲ್ಲ. ಬೆಲ್ಟಿನಲ್ಲಿ ಹೊಸದೊಂದು ತೂತು ಕೊರೆಸಬೇಕಾಯಿತು.

ಟೀವಿ ವಾಪಸು ಹೋಯಿತು. ಯೋಗೀಶ ಹೊರಗಿನ ಸದ್ದನ್ನೆಲ್ಲ ಮುಚ್ಚುವ ದಪ್ಪನೆಯ ಹೆಡ್‌ಫೋನು ಕೊಟ್ಟ. ‘ಇದು ಹಾಕ್ಕೊಂಡ್ರೆ ಸಿಡಿಲು ಬಡಿದ್ರೂ ಗೊತ್ತಾಗಲ್ಲ ಅಕ್ಕಾ. ಬರೀ ಮೌನ. ಮೌನ ತಿಂದು ಯಾರೂ ಊದಿಲ್ಲ’ ಎಂದ. ಅದನ್ನು ಹಾಕಿಕೊಂಡು ಓಂಕಾರಪ್ಪ ಕೂತ. ಹಪ್ಪಳ ಕಚ್ಚಿದ. ಮುಖ ಅರಳಿತು. ಇನ್ನೊಂದು ಹಪ್ಪಳ ಕಚ್ಚಿದ. ‘ಲೇ, ಒಳಗಡೆ ಎಷ್ಟು ಚೆನ್ನಾಗಿ ಕೇಳುತ್ತೆ ಗೊತ್ತಾ? ಹಪ್ಪಳ ಮುರಿಯೋದು, ಮಜ್ಜಿಗೆ ಗಂಟಲಲ್ಲಿ ಇಳಿಯೋದು... ಇಷ್ಟು ದಿನ ನಂಗೇ ಗೊತ್ತಿರಲಿಲ್ಲ ನೋಡು, ನನ್ನೊಳಗೆ ಇಷ್ಟೆಲ್ಲ ನಡೀತದೆ ಅಂತ’ ಎಂದು ಕಿವಿ ಮುಚ್ಚಿದವರು ಮಾತಾಡುವ ಹಾಗೆ ಕಿರುಚಿದ. ಚಿನ್ಮಯಿ ಹಣೆ ಚಚ್ಚಿಕೊಂಡಳು. ಹೆಡ್‌ಫೋನೂ ವಾಪಸು.

ಮೂರನೆಯದು ಮಾತಾಡುವ ಡಬ್ಬಿ. ಸಣ್ಣ ಬೆಲ್ಲದಚ್ಚಿನ ಹಾಗಿರುವ ಸ್ಪೀಕರು. ಕೇಳಿದ್ದಕ್ಕೆ ಉತ್ತರ ಹೇಳುತ್ತದೆ, ಹೇಳಿಕೊಟ್ಟದ್ದನ್ನು ಹಿಡಿದಿಟ್ಟುಕೊಂಡು ಒಪ್ಪಿಸುತ್ತದೆ. ಅದನ್ನು ನಮ್ಮ ಮನೆಯಲ್ಲಿ ಯಾರಿಗೂ ಬಾರದ ಭಾಷೆಗೆ ತಿರುಗಿಸಿಟ್ಟೆ. ಅರ್ಥವೇ ಆಗದ್ದನ್ನು ಹೇಗೆ ಇಷ್ಟಪಡುತ್ತಾನೆ ನೋಡೋಣ ಅಂತ. ವಾರ ಕಳೆಯುವಷ್ಟರಲ್ಲಿ ಅದರ ಮುಂದೆಯೂ ಒಂದು ಪುಟ್ಟ ತಟ್ಟೆಯಲ್ಲಿ ಒಂದು ಚೂರು ಮುದ್ದೆ ಕಂಡಿತು. ‘ಪಾಪ ಕಣೇ, ಎಲ್ಲಿಯದೋ ಏನೋ. ಒಂದೇ ಸಮನೆ ಕಷ್ಟ ಹೇಳ್ಕೊಳ್ಳುತ್ತೆ. ಧ್ವನೀಲಿ ಗೊತ್ತಾಗುತ್ತಲ್ಲ’ ಎಂದ. ಮಧ್ಯಾಹ್ನದ ಪಥ್ಯ ಏನಾಯಿತೆಂದು ಕೇಳಿದರೆ, ಟ್ರಾನ್ಸ್‌ಫಾರ್ಮರ್ ತಂಬೂರಿ ಮೀಟಿದ ಹಾಗೆ ಗುಂಯ್‌ಗುಡುತ್ತದಂತೆ, ಅದರ ಕೆಳಗೆ ಕೂತರೆ ಎರಡು ತುತ್ತು ಜಾಸ್ತಿಯೇ ಇಳಿಯುತ್ತದಂತೆ. ಮಿಕ್ಸಿಯ ಸುದ್ದಿ ನಾನು ಎತ್ತಲೇ ಇಲ್ಲ.

ತೂಕಕ್ಕೆ ಎರಡೂವರೆ ತಿಂಗಳು ಉಳಿದಿತ್ತು. ಡಾಕ್ಟರಮ್ಮ ಬಹಳ ಹೊತ್ತು ಯೋಚಿಸಿ ನನ್ನ ಕಡೆ ತಿರುಗಿದರು. ‘ನಿನಗೆ ಬೈಯೋಕೆ ಬರುತ್ತಾ?’

‘ಯಾರಿಗೆ ಡಾಕ್ಟ್ರೇ?’

‘ಇವನಿಗೆ. ಊಟಕ್ಕೆ ಕೂತಾಗ ಶುರು ಮಾಡು, ಕೈ ತೊಳೆಯೋವರೆಗೂ ನಿಲ್ಲಿಸಬೇಡ. ಹೆಂಡತಿ ಬೈಗುಳ ತಿಂದು ಮೈ ಹತ್ತಿಸ್ಕೊಂಡ ಗಂಡಸನ್ನ ನಾನು ಇಷ್ಟು ವರ್ಷದಲ್ಲಿ ನೋಡಿಲ್ಲ.’

ನನಗೆ ಯಾವ ಪಥ್ಯವೂ ಇಷ್ಟು ಸಲೀಸಾಗಿ ಒಗ್ಗಿರಲಿಲ್ಲ. ಹಗಲೆಲ್ಲ ದೂರು ವಿಭಾಗದ ಫೋನಿನಲ್ಲಿ ‘ಹೇಳಿ ಸರ್’, ‘ಅರ್ಥವಾಯ್ತು ಮೇಡಂ’, ‘ದಯವಿಟ್ಟು ತಾಳ್ಮೆಯಿಂದಿರಿ’ ಎಂದು ಜೇನು ಸುರಿಸುವವಳು ನಾನು. ಕರೆಂಟು ಹೋದವರು ನನ್ನ ಅಜ್ಜ ಮುತ್ತಜ್ಜರನ್ನೆಲ್ಲ ನೆನೆದರೂ ನಗುನಗುತ್ತಲೇ ನಂಬರು ಬರೆದುಕೊಳ್ಳಬೇಕು. ಸಂಜೆಗೆ ಬಾಯಿಯೊಳಗೆ ಅದೆಷ್ಟು ಮಾತು ಕೂಡಿಬಿದ್ದಿರುತ್ತಿತ್ತೋ. ಮೊದಲ ದಿನ ಮುದ್ದೆ ಬಡಿಸಿದವಳೇ ಶುರುಮಾಡಿದೆ.

‘ರೀ, ಆ ಉಪ್ಪಿನಕಾಯಿ ಜಾಡೀನ ತೊಟ್ಟಿಲು ಮಾಡ್ಕೊಂಡು ಮಲಗಿಬಿಡಿ ಒಂದ್ಸಲ. ನೆಕ್ಕಿದ ಬೆರಳನ್ನೇ ಮತ್ತೆ ಅದ್ದಬೇಡಿ ಅಂತ ಎಷ್ಟು ಸಲ ಹೇಳಬೇಕು? ಕಂಬ ಹತ್ತೋ ಗಂಡಸು, ಮನೆ ಬಲ್ಬು ಹೋಗಿ ತಿಂಗಳಾಯ್ತು, ಕಣ್ಣಿಗೆ ಕಾಣಲ್ವಾ? ಊರಿಗೆಲ್ಲ ಬೆಳಕು ಕೊಡ್ತೀರಿ, ಬಚ್ಚಲಲ್ಲಿ ನಾನು ತಡಕಾಡ್ಕೊಂಡು ಮೀಯಬೇಕು. ಮೊಸರು ಯಾಕ್ರೀ ಅಷ್ಟೊಂದು? ಮಜ್ಜಿಗೆ ಕುಡಿದ್ರೆ ಮರ್ಯಾದೆ ಹೋಗುತ್ತಾ? ನಿಮ್ಮ ಅಕ್ಕ ಬಂದಾಗ ನೀವೇ ಹೇಳಿದ್ರಂತೆ, ನಾನು ಸಾರಿಗೆ ಹುಣಸೆ ಜಾಸ್ತಿ ಹಾಕ್ತೀನಿ ಅಂತ...’

ಅವನು ತಲೆ ತಗ್ಗಿಸಿ ಉಣ್ಣುತ್ತಿದ್ದ. ನಡುನಡುವೆ, ‘ಅಲ್ಲ ಕಣೇ, ನಾನೆಲ್ಲಿ ಹಂಗಂದೆ?’, ‘ನಾಳೆ ಹಾಕ್ತೀನಿ ಕಣೇ ಬಲ್ಬು’ ಎಂದು ಒಂದೊಂದು ಮಾತು ಸೇರಿಸುತ್ತಿದ್ದ. ಅದಕ್ಕೆ ನಾನು ಇನ್ನೊಂದು ಸುತ್ತು ಶುರುಮಾಡುತ್ತಿದ್ದೆ. ಬಲ್ಬು ಮಾತ್ರ ಬರಲಿಲ್ಲ. ಅದು ಬಂದರೆ ಒಂದು ಬೈಗುಳ ಕಮ್ಮಿಯಾಗುತ್ತದೆಂದು ಅವನು ಲೆಕ್ಕ ಹಾಕುತ್ತಿದ್ದ ಅಂತ ಆಗ ನನಗೆ ಹೊಳೆದಿರಲಿಲ್ಲ.

ಮೂರು ವಾರ ಬಿಟ್ಟು ಹೋದಾಗ ಡಾಕ್ಟರಮ್ಮ ಬೆಲ್ಟು ಹಾಕಿಸಿ ನೋಡಿದರು. ಹೊಸದಾಗಿ ಕೊರೆಸಿದ ತೂತಿಗೂ ಅದು ಎಟುಕಲಿಲ್ಲ. ಈರುಳ್ಳಿಗಿಂತ, ಧಾರಾವಾಹಿಗಿಂತ, ಎಲ್ಲಕ್ಕಿಂತ ಜಾಸ್ತಿ ಏರಿದ್ದ. ನನ್ನನ್ನು ಹೊರಗೆ ಕೂರಿಸಿ ಅವನೊಬ್ಬನನ್ನೇ ಏನೋ ಕೇಳಿದರು. ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ.

‘ನಿಜ ಹೇಳಪ್ಪ. ಅವಳು ಬೈದ್ರೆ ನಿನಗೆ ಏನನ್ಸುತ್ತೆ?’

ಕುರ್ಚಿ ಕಿರ್ರೆಂದಿತು. ಆಮೇಲೆ ಅವನ ಧ್ವನಿ. ‘ಬೆಳಿಗ್ಗೆಯಿಂದ ಅವಳು ನನ್ನ ಹತ್ರ ಆಡೋದು ಟಿಫಿನ್ ಡಬ್ಬಿ, ಫೀಸು, ನೀರು ಬಂತು, ಇಷ್ಟೇ ಡಾಕ್ಟ್ರೇ. ಅದೂ ಆ ಕಡೆ ತಿರುಗ್ಕೊಂಡು. ಬೈಯುವಾಗ ಮಾತ್ರ ಎದುರಿಗೆ ಕೂತ್ಕೋತಾಳೆ. ನನ್ನೇ ನೋಡ್ತಾಳೆ.’

ಡಾಕ್ಟರಮ್ಮ ಹೊರಗೆ ಬಂದು, ‘ಕೇಳಿಸ್ತಾ?’ ಎಂದರು. ನಾನು ಸೆರಗು ಸರಿಮಾಡಿಕೊಂಡೆ, ಅದು ಸರಿಯಾಗಿಯೇ ಇತ್ತು. ‘ಕೇಳಿಸ್ತು ಅಂತ ಅವನಿಗೆ ಹೇಳಬೇಡ. ಇನ್ನು ಮುಂದೆ ಊಟದ ಹೊತ್ತಿಗೆ ನೀನು ಅಲ್ಲಿರಲೇಬೇಡ’ ಎಂದರು.

ಇರುವ ಹಾಗೂ ಇರಲಿಲ್ಲ. ಬೇಸಿಗೆಯ ಗಾಳಿ ಎದ್ದು ತಂತಿಗಳು ಹರಿಯತೊಡಗಿದ್ದರಿಂದ ಕಚೇರಿಯಲ್ಲಿ ನನ್ನನ್ನು ಸಂಜೆಯ ಪಾಳಿಗೆ ಹಾಕಿದರು. ತೂಕ ಮುಗಿಯುವವರೆಗೂ ಅದೇ ಪಾಳಿ. ಸಾರು ಮಾಡಿಟ್ಟು ಹೋದರೆ ಅಪ್ಪ ಮಗಳು ಬಡಿಸಿಕೊಳ್ಳಬೇಕು. ನಾನಿಲ್ಲವೆಂದು ಸುಮ್ಮನೆ ಬಿಟ್ಟರೆ ಅವನು ಮತ್ತೆ ಹಪ್ಪಳದ ಸದ್ದಿಗೆ ಜಾರುತ್ತಾನೆ. ಚಿನ್ಮಯಿ ಹೇಳಿದಳು, ‘ಡಬ್ಬಿ ಇನ್ನೂ ವಾಪಸ್ ಕೊಟ್ಟಿಲ್ವಲ್ಲಮ್ಮಾ. ನೀನು ಬೈದು ಅದರಲ್ಲಿ ತುಂಬಿಸಿಟ್ಟು ಹೋಗು.’

‘ಬೈದ್ರೆ ದಪ್ಪ ಆಗ್ತಾರಲ್ಲೇ.’

‘ನೀನು ಬೈದ್ರೆ ಆಗ್ತಾರೆ. ಡಬ್ಬಿ ಬೈದ್ರೆ ನೋಡೋಣ. ಏನಂತೆ, ಸೋತ್ರೆ ಯೋಗೀಶಣ್ಣನಿಗೆ ವಾಪಸ್ಸು.’

ಒಂದು ಭಾನುವಾರ ಅವನನ್ನು ಸಂತೆಗೆ ಅಟ್ಟಿ, ಅವನ ಮಣೆಯ ಮುಂದೆ ಖಾಲಿ ತಟ್ಟೆ ಇಟ್ಟುಕೊಂಡು ಕೂತೆ. ಡಬ್ಬಿ ಕೆಂಪು ದೀಪ ಹೊತ್ತಿಸಿಕೊಂಡು ಕಾಯುತ್ತಿತ್ತು. ಬೈಯಲು ಬಾಯಿ ತೆರೆದೆ. ‘ಹೇಳಿ ಸರ್’ ಅಂತಲೇ ನಾಲಿಗೆಗೆ ಬರುತ್ತಿತ್ತು. ಚಿನ್ಮಯಿ ಎದ್ದು ಹೋಗಿ ಅಪ್ಪನ ಖಾಕಿ ಅಂಗಿ ಹಾಕಿಕೊಂಡು, ತೋಳು ಜೋಲಾಡಿಸುತ್ತ ಬಂದು ಮಣೆಯ ಮೇಲೆ ಕೂತಳು. ಅಪ್ಪನ ಹಾಗೆಯೇ ಎಡಮಂಡಿ ಎತ್ತಿ, ಗಂಟಲು ಸರಿಮಾಡಿಕೊಂಡು, ಮೆಲ್ಲಗೆ ಉಪ್ಪಿನಕಾಯಿ ಜಾಡಿಯ ಕಡೆ ಕೈ ಚಾಚಿದಳು. ‘ರೀ!’ ಎಂದೆ. ಆಮೇಲೆ ಒಂದು ಊಟಕ್ಕಾಗುವಷ್ಟು ಎಡೆಬಿಡದೆ ಹರಿಯಿತು. ಕೊನೆಗೆ ಅವಳೇ ನಗು ತಡೆಯಲಾರದೆ ಅಂಗಿಯ ತೋಳನ್ನು ಬಾಯಿಗೆ ತುರುಕಿಕೊಂಡಳು.

ಅದು ಕೆಲಸ ಮಾಡಿತು! ಮೊದಲ ದಿನ ಅವನು ನನ್ನ ಧ್ವನಿ ಕೇಳಿ ಆಸೆಯಿಂದ ಮುಂದೆ ಸರಿದು ಕೂತನಂತೆ. ‘ಉಪ್ಪಿನಕಾಯಿ ಮುಟ್ಟಬೇಡಿ’ ಎಂದಿತು ಡಬ್ಬಿ. ‘ಮುಟ್ಟಿಲ್ವಲ್ಲೇ’ ಎಂದನಂತೆ. ಡಬ್ಬಿ ಕೇಳಿಸಿಕೊಳ್ಳದೆ ಬಲ್ಬಿಗೆ ಹೋಯಿತು. ಅವನು ಆ ದಿನ ಸಂಜೆಯೇ ಬಲ್ಬು ಹಾಕಿದ್ದ. ‘ನೋಡು ಹೋಗು, ಉರೀತಾ ಇದೆ!’ ಎಂದನಂತೆ. ಡಬ್ಬಿ ಮೊಸರಿಗೆ ಹೋಯಿತು. ಒಂದು ವಾರದಲ್ಲಿ ಅವನ ಮುಖ ಸಣ್ಣದಾಯಿತು. ಬೆಳಿಗ್ಗೆ ನನ್ನ ಹತ್ತಿರ ದೂರು ಹೇಳಿದ. ‘ಅದು ನೀನಲ್ಲ. ನಿಂದೇ ಧ್ವನಿ, ಆದ್ರೆ ನನ್ನ ಮಾತಿಗೆ ಜಾಗಾನೇ ಬಿಡಲ್ಲ. ಮಾಡದೇ ಇದ್ದಿದ್ದಕ್ಕೂ ಬೈಯುತ್ತೆ. ಒಂದು ತುತ್ತೂ ಸೇರಲ್ಲ.’

ಜೀವನದಲ್ಲಿ ಮೊದಲ ಸಲ ಅವನಿಗೆ ಒಂದು ವಸ್ತು ಹಿಡಿಸಿರಲಿಲ್ಲ. ಬೆಲ್ಟು ಒಂದೊಂದೇ ತೂತು ಒಳಗೆ ಬಂತು. ನಾನು ಹಬ್ಬ ಮಾಡಬೇಕಿತ್ತು. ಆದರೆ ಪಾಳಿ ಮುಗಿಸಿ ಬಂದಾಗ ಮುಚ್ಚಿಟ್ಟ ಅವನ ತಟ್ಟೆಯಲ್ಲಿ ಅರ್ಧ ಮುದ್ದೆ ಉಳಿದಿರುವುದನ್ನು ನೋಡಿದರೆ ಏನೋ ಚುಚ್ಚಿದ ಹಾಗಾಗುತ್ತಿತ್ತು. ‘ಸುರುಳಿ, ಸುರುಳಿ’ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಅದನ್ನು ಎತ್ತಿ ಹಾಕುತ್ತಿದ್ದೆ.

ನಾವಿರುವುದು ಕಚೇರಿಯ ಹಿಂದಿನ ಸಾಲುಮನೆಗಳಲ್ಲಿ. ಎರಡೆರಡು ಮನೆಗೆ ನಡುವೆ ಒಂದೇ ಗೋಡೆ. ನಮ್ಮ ಗೋಡೆಯ ಆಚೆ ವಿರೂಪಾಕ್ಷ ಮೇಷ್ಟ್ರು ಒಬ್ಬರೇ ಇದ್ದರು. ಶಾಲೆಯಲ್ಲಿ ಕವಾಯತು ಕಲಿಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಅವರು ಒಣಗಿ ಒಣಗಿ ಅಂಗಿಯ ಗೂಟದಂತಾಗಿದ್ದರು. ಹಾಡಿನ ಹೋಟೆಲಿಗೆ ಹೋಗಿ ಎಂದು ಡಾಕ್ಟರಮ್ಮ ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದರು. ತೂಕಕ್ಕೆ ಇನ್ನೇನು ಹತ್ತು ದಿನವಿದೆ ಎನ್ನುವಾಗ ಒಂದು ಬೆಳಿಗ್ಗೆ ಆ ಮೇಷ್ಟ್ರು ಚಿಪ್ಪು ಬಾಳೆಹಣ್ಣು ಹಿಡಿದು ನಮ್ಮ ಬಾಗಿಲಿಗೆ ಬಂದರು. ಕೆನ್ನೆ ತುಂಬಿಕೊಂಡಿತ್ತು. ಅಂಗಿಯ ಗುಂಡಿಗಳ ನಡುವೆ ಬನಿಯನ್ನು ಇಣುಕುತ್ತಿತ್ತು.

‘ಬನ್ನಿ ಮೇಷ್ಟ್ರೇ, ಏನು ಇಷ್ಟು ಚೆನ್ನಾಗಾಗಿದೀರಿ!’ ಎಂದೆ.

ಅವರು ನಾಚಿಕೊಂಡರು. ‘ಏನಿಲ್ಲಮ್ಮಾ. ಹುಣಸೆ ಜಾಸ್ತಿ ಆಯ್ತು ಅಂತಿದ್ರಿ. ನಾನೂ ಕಮ್ಮಿ ಮಾಡಿದೀನಿ. ಮೊಸರೂ ಬಿಟ್ಟೆ, ಮಜ್ಜಿಗೇನೇ. ಬಚ್ಚಲ ಬಲ್ಬು ಕೂಡ ಹಾಕಿಸಿದೆ, ನಮ್ಮದೂ ಹೋಗಿತ್ತು. ಉಪ್ಪಿನಕಾಯಿಯೊಂದು ಬಿಡೋಕಾಗ್ತಿಲ್ಲ, ಅದಕ್ಕೆ ನೀವು ದಿನಾ ಬೈಯೋದು ಸರಿಯಾಗೇ ಇದೆ.’

ನನ್ನ ಹಿಂದೆ ಓಂಕಾರಪ್ಪ ಹಲ್ಲುಜ್ಜುತ್ತ ನಿಂತಿದ್ದ. ಬ್ರಷ್ಷು ಬಾಯಲ್ಲೇ ನಿಂತಿತು. ಮೇಷ್ಟ್ರು ಹಣ್ಣು ಕೊಟ್ಟು ಹೋದ ಮೇಲೆ ಅವನು ನೊರೆ ಉಗಿಯುವುದನ್ನೂ ಮರೆತು, ‘ಮಂಗಳಾ, ಆ ಮನುಷ್ಯ ದಪ್ಪ ಆಗಿದಾನೆ’ ಎಂದ.

‘ಆಗ್ಲಿ ಬಿಡಿ, ಒಳ್ಳೇದೇ ಆಯ್ತಲ್ಲ.’

‘ನನ್ನ ಬೈಗುಳ ತಿಂದು!’

ಚಿನ್ಮಯಿ ಬಿದ್ದು ಬಿದ್ದು ನಕ್ಕಳು. ಅವನು ನಗಲಿಲ್ಲ. ‘ಇಲ್ಲಿ ನಾನು ಅರೆಹೊಟ್ಟೇಲಿ ಏಳೋದು, ಅಲ್ಲಿ ಅವರು ಗೋಡೆಗೆ ಕಿವಿ ಕೊಟ್ಟು ಚಪ್ಪರಿಸೋದು. ಅಳಿಸಿಹಾಕು ಅದನ್ನ. ಇವತ್ತೇ.’

‘ಅಳಿಸಿದ್ರೆ ತೂಕದ ದಿನ ಏನು ಮಾಡ್ತೀರಿ? ಉಗ್ರಾಣದಲ್ಲಿ ಕೂತು ನಟ್ಟು ಬೋಲ್ಟು ಎಣಿಸ್ತೀರಾ? ಹತ್ತು ದಿನ ತಡ್ಕೊಳಿ.’

‘ಗೋಡೆಯಿಂದ ದೂರ ಆದ್ರೂ ಇಡು.’

ಅಡುಗೆಮನೆಗೆ ಒಯ್ದಿಟ್ಟರೆ ಇವನಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ಧ್ವನಿ ತಗ್ಗಿಸಿದರೆ ಇವನ ಹೊಟ್ಟೆ ಹಪ್ಪಳದ ಕಡೆ ಹೊರಳುತ್ತಿತ್ತು. ಹಾಗಾಗಿ ಡಬ್ಬಿ ಇದ್ದಲ್ಲೇ ಇತ್ತು. ಅವನು ಆ ಹತ್ತು ದಿನವೂ ಗೋಡೆಯನ್ನೇ ದುರುಗುಟ್ಟಿ ನೋಡುತ್ತ ಉಂಡನೆಂದು ಚಿನ್ಮಯಿ ವರದಿ ಒಪ್ಪಿಸುತ್ತಿದ್ದಳು. ‘ಅಪ್ಪ ಇವತ್ತು ಗೋಡೆಗೆ ಎರಡು ಸಲ ಗುದ್ದಿದ್ರು. ಆ ಕಡೆಯಿಂದ ಮೇಷ್ಟ್ರು, ಆಯ್ತಮ್ಮಾ, ಉಪ್ಪಿನಕಾಯಿ ಮುಚ್ಚಿಟ್ಟೆ ಅಂದ್ರು.’ ಸಿಟ್ಟಿಗೆ ಅವನು ಇನ್ನಷ್ಟು ಇಳಿದ. ಹೊಟ್ಟೆಕಿಚ್ಚಿನಷ್ಟು ಕಟ್ಟುನಿಟ್ಟಿನ ಪಥ್ಯವನ್ನು ಡಾಕ್ಟರಮ್ಮನೂ ಬರೆದುಕೊಟ್ಟಿರಲಿಲ್ಲ.

ತೂಕದ ಹಿಂದಿನ ದಿನ ನನಗೆ ವಾರದ ರಜೆ. ಸಂಜೆ ತಟ್ಟೆ ಇಡುವ ಹೊತ್ತಿಗೆ ಅವನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ. ‘ಒಂದೇ ಒಂದು ಮಾತು ಬೈಯೇ. ಮೆತ್ತಗೆ. ಒಂದು ಮಾತಿಗೆ ಎಷ್ಟು ಭಾರ ಇದ್ದೀತು?’

ಬಾಯಿಯ ತುದಿಗೆ ಬಂದಿತ್ತು. ‘ನಿಮ್ಮ ತೂಕ ಎಲ್ಲಿ ನಿಂತಿದೆ ಅಂತ ದೇವರಿಗೇ ಗೊತ್ತು. ಒಂದು ಮಾತಲ್ಲ, ಅರ್ಧ ಮಾತೂ ಆಡಲ್ಲ’ ಎಂದೆ. ಅಷ್ಟಕ್ಕೇ ಅವನ ಮುಖ ಅರಳಿದ್ದು ಕಂಡು, ಇನ್ನೂ ಊಟಕ್ಕೆ ಕೂತಿಲ್ಲವಲ್ಲ, ಪರವಾಗಿಲ್ಲ ಎಂದು ಎದೆ ತಟ್ಟಿಕೊಂಡೆ. ಡಬ್ಬಿ ಹಾಕಿಟ್ಟು ಹಿತ್ತಿಲ ಮೆಟ್ಟಿಲ ಮೇಲೆ ಹೋಗಿ ಕೂತೆ. ಒಳಗೆ ನನ್ನ ಧ್ವನಿ ಅವನನ್ನು ಬೈಯುತ್ತಿತ್ತು. ಹೊರಗೆ ಕೂತು ಕೇಳುವಾಗ ಗೊತ್ತಾಯಿತು, ಅವನು ಹೇಳಿದ್ದು ನಿಜ. ಅದು ಉಸಿರು ತೆಗೆದುಕೊಳ್ಳಲೂ ನಿಲ್ಲುತ್ತಿರಲಿಲ್ಲ.

ಮಾರನೆಯ ದಿನ ಕಚೇರಿಯ ಅಂಗಳದಲ್ಲಿ ಎಲ್ಲರ ಮನೆಯವರೂ ಸೇರಿದ್ದರು. ಬೇವಿನ ಮರದ ಕೊಂಬೆಗೆ ತಕ್ಕಡಿ ಕಟ್ಟಿದ್ದರು. ತಂತಿಯ ಸುರುಳಿ ಒಂದು ತಟ್ಟೆಯಲ್ಲಿ ಬಿಸಿಲಿಗೆ ಥಳಥಳಿಸುತ್ತಿತ್ತು. ಓಂಕಾರಪ್ಪನ ಮುಂದಿದ್ದ ಮುನಿಸಿದ್ಧ ಕೂತ ಕೂಡಲೇ ಸುರುಳಿ ಗಾಳಿಪಟದಂತೆ ಮೇಲೆದ್ದಿತು. ಅವನ ಹೆಂಡತಿ ಅಲ್ಲೇ ಮುಖ ಮುಚ್ಚಿಕೊಂಡಳು. ಆ ಮನೆಯಲ್ಲಿ ಹೊಸ ಮದುಮಗಳು ಸೊಸೆಯಾಗಿ ಬಂದಿದ್ದಳು, ದಿನಾ ಊಟಕ್ಕೆ ಹಾಡುತ್ತಿದ್ದಳು ಎಂದು ಯಾರೋ ಪಿಸುಗುಟ್ಟಿದರು. ಆಮೇಲೆ ಇವನು ಹೋಗಿ ಕೂತ. ಚಪ್ಪಲಿ ಬಿಚ್ಚಿದ, ಬೆಲ್ಟು ಬಿಚ್ಚಿದ, ಜೇಬಿನಲ್ಲಿದ್ದ ಟೆಸ್ಟರನ್ನು ತೆಗೆದು ನನ್ನ ಕೈಗೆ ಕೊಟ್ಟ. ತಕ್ಕಡಿಯ ಕೋಲು ಅತ್ತ ಇತ್ತ ತೂಗಿತು. ಇವನ ತಟ್ಟೆ ನೆಲ ಮುಟ್ಟಿತು. ಮತ್ತೆ ಏರಿತು, ಮತ್ತೆ ಇಳಿಯಿತು. ಇಂಜಿನಿಯರು ಬಗ್ಗಿ, ಇವನ ತಟ್ಟೆಯ ಕೆಳಗೆ ಬೆರಳು ತೂರಿಸಿ ನೋಡಿದರು. ಒಂದು ಬೆರಳು ನುಸುಳಿತು.

‘ಹೋಗಪ್ಪ, ಹತ್ತು’ ಎಂದರು.

ಅವನು ಸಂತೋಷಕ್ಕೆ ಕಚೇರಿಯ ಮುಂದಿನ ಕಂಬವನ್ನೇ ಹತ್ತಿಬಿಟ್ಟ. ಅಲ್ಲಿ ಯಾವ ಕೆಲಸವೂ ಇರಲಿಲ್ಲ. ಮೇಲಿಂದ ನಮಗೆ ಕೈಬೀಸಿದ.

ಆ ಸಂಜೆಯಿಂದ ನನ್ನ ಪಾಳಿ ಮತ್ತೆ ಹಗಲಿಗೆ ಬಂತು. ಮೂವರೂ ಒಟ್ಟಿಗೆ ಊಟಕ್ಕೆ ಕೂತೆವು. ಓಂಕಾರಪ್ಪ ಡಬ್ಬಿಯನ್ನು ಎತ್ತಿ ಚಿನ್ಮಯಿಯ ಮಡಿಲಿಗೆ ಹಾಕಿ, ‘ಅಳಿಸು. ಒಂದು ಅಕ್ಷರ ಉಳೀಬಾರದು’ ಎಂದ. ಅವಳು ನನ್ನ ಮುಖ ನೋಡಿದಳು. ನಾನು ಮುದ್ದೆ ಮುರಿದು ಅವನ ತಟ್ಟೆಗಿಟ್ಟೆ. ಗೋಡೆಯ ಆಚೆ ಮಣೆ ಹಾಕಿದ ಸದ್ದು. ತಟ್ಟೆ ಇಟ್ಟ ಸದ್ದು. ಲೋಟಕ್ಕೆ ನೀರು ಬಗ್ಗಿಸಿದ ಸದ್ದು. ಆಮೇಲೆ ಏನೂ ಇಲ್ಲ. ಉಣ್ಣುವ ಸದ್ದೇ ಬರಲಿಲ್ಲ. ಮೇಷ್ಟ್ರು ಕಾಯುತ್ತಿದ್ದರು.

ಓಂಕಾರಪ್ಪ ತುತ್ತು ಕಟ್ಟಿದ, ಬಾಯಿಗೆ ಹಾಕಲಿಲ್ಲ. ಆಚೆಯಿಂದ ಒಂದು ಸಣ್ಣ ಕೆಮ್ಮು ಕೇಳಿಸಿತು, ನಾನಿಲ್ಲಿದ್ದೇನೆ ಎಂದು ಯಾರಿಗೋ ತಿಳಿಸುವ ಹಾಗೆ. ಸ್ವಲ್ಪ ಹೊತ್ತಿಗೆ ತಟ್ಟೆಯನ್ನು ನೆಲದ ಮೇಲೆ ಮೆಲ್ಲಗೆ ಅತ್ತ ತಳ್ಳಿದ ಸದ್ದು.

‘ಅಳಿಸಿದ್ಯಾ?’ ಎಂದ ಮಗಳಿಗೆ.

‘ಇನ್ನೂ ಇಲ್ಲ.’

‘ಕೊಡು ಇಲ್ಲಿ.’ ಅವನು ಎಡಗೈಯಲ್ಲಿ ಡಬ್ಬಿ ಇಸಿದುಕೊಂಡು, ಎದ್ದು ಹೋಗಿ ಗೋಡೆಯ ಬುಡದಲ್ಲಿಟ್ಟು, ಅದರ ಮುಖವನ್ನು ಗೋಡೆಗೆ ತಿರುಗಿಸಿದ. ಧ್ವನಿ ಏರಿಸಿದ. ‘ಇನ್ನೊಂಚೂರು ಜೋರಿರ್ಲಿ. ವಯಸ್ಸಾದವರು, ಕಿವಿ ಮಂದ.’

‘ರೀ, ಆ ಉಪ್ಪಿನಕಾಯಿ ಜಾಡೀನ...’ ಎಂದು ಡಬ್ಬಿ ಗೋಡೆಯನ್ನು ಬೈಯತೊಡಗಿತು. ಆಚೆ ತಟ್ಟೆ ಹತ್ತಿರ ಎಳೆದುಕೊಂಡ ಸದ್ದು ಬಂತು. ‘ಇಲ್ಲಮ್ಮಾ, ಇವತ್ತು ಮುಟ್ಟಿಲ್ಲ’ ಎಂದರು ಮೇಷ್ಟ್ರು.

ಓಂಕಾರಪ್ಪ ಬಂದು ಮಣೆಯ ಮೇಲೆ ಕೂತ. ಎಡಮಂಡಿ ಎತ್ತಿದ. ತುತ್ತು ಕಟ್ಟಿಟ್ಟುಕೊಂಡು ನನ್ನ ಕಡೆಯೇ ನೋಡಿದ. ನಾನು ಎದುರಿಗೆ ಕೂತಿದ್ದೆ, ಪೂರ್ತಿ ಅವನ ಕಡೆ ತಿರುಗಿ. ಇಷ್ಟು ದಿನ ಕೂಡಿಟ್ಟ ಬೈಗುಳವೆಲ್ಲ ಎಲ್ಲಿ ಹೋಯಿತೋ, ಒಂದೂ ನೆನಪಾಗಲಿಲ್ಲ. ಅಂಗಳದ ತಕ್ಕಡಿಯಲ್ಲಿ ಬರಿಗಾಲಲ್ಲಿ ಕೂತಿದ್ದ ಮನುಷ್ಯನನ್ನು ಯಾವುದಕ್ಕೆ ಬೈಯುವುದು?

ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ ನನ್ನ ಮುಖದಿಂದ ಕಣ್ಣು ತೆಗೆಯದೆ ಕೈ ಚಾಚಿ, ಮಗಳಿಗೆಂದು ಕಾಯಿಸಿಟ್ಟಿದ್ದ ತುಪ್ಪದ ಗಿಂಡಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಅಷ್ಟನ್ನೂ ತನ್ನ ತಟ್ಟೆಗೆ ಬಗ್ಗಿಸಿದ.

‘ರೀ!’ ಎಂದೆ ನಾನು.

‘ಹೇಳೇ’ ಎಂದು ಅವನು ತುತ್ತು ಬಾಯಿಗಿಟ್ಟ.